ಜಾಮೀನು ಸಿಕ್ಕಿದವನು ಇನ್ನೂ ಯಾಕೆ ಒಳಗಿದ್ದಾನೆ? ಕಾಸರಗೋಡಿನಿಂದ ಒಂದು ಬಹಿರಂಗ ಪತ್ರ

ಕಾಸರಗೋಡಿನ ಜಿಲ್ಲಾಧಿಕಾರಿಗಳಿಗೆ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದವರಿಗೆ, ಕೇರಳದ ಜೈಲು ಇಲಾಖೆಯವರಿಗೆ, ಮತ್ತೆ ಇದನ್ನು ಓದುವ ನಮ್ಮೂರಿನ ಎಲ್ಲರಿಗೂ,

ನಮಸ್ಕಾರ.

ನನ್ನದು ಒಂದು ಕೋರ್ಟಿನ ಎದುರು ಜೆರಾಕ್ಸ್ ಅಂಗಡಿ. ಯಾವ ಕೋರ್ಟು ಅಂತ ಬರೆಯುವುದಿಲ್ಲ. ಬರೆದರೆ ನಾಳೆಯಿಂದ ವಕೀಲರ ಗುಮಾಸ್ತರು ಪಕ್ಕದ ಅಂಗಡಿಗೆ ಹೋಗುತ್ತಾರೆ, ನನಗೂ ಹೊಟ್ಟೆಪಾಡು ಉಂಟಲ್ಲ. ಓದಿದ್ದು ಕನ್ನಡ ಮೀಡಿಯಂ, ಮನೆಯಲ್ಲಿ ತುಳು, ಮಲಯಾಳ ಓದಲು ಕಲಿತದ್ದು ಅಂಗಡಿ ಹಾಕಿದ ಮೇಲೆ, ಅದೂ ಗಿರಾಕಿಗಳ ಕಾಗದ ನೋಡಿ ನೋಡಿ. ಈಗ ನನ್ನ ಅರ್ಧ ಕೆಲಸ ನಕಲು ತೆಗೆಯುವುದು, ಉಳಿದರ್ಧ ಅದರಲ್ಲಿ ಎಂತ ಬರೆದಿದೆ ಅಂತ ಹೇಳುವುದು. ಪೈವಳಿಕೆಯಿಂದಲೋ ಎಣ್ಮಕಜೆಯಿಂದಲೋ ಬಂದ ಒಬ್ಬರು ಅಮ್ಮ ಎರಡು ಹಾಳೆ ನಕಲು ಮಾಡಿಸಿ, ಬೆಂಚಿನ ಮೇಲೆ ಕೂತು, "ಇದ್ರಲ್ಲಿ ನನ್ನ ಮಗನನ್ನು ಬಿಡ್ತಾರೆ ಅಂತ ಉಂಟಾ ಮಗಾ?" ಅಂತ ಕೇಳುತ್ತಾರೆ. ಅದಕ್ಕೆ ಬೇರೆ ದುಡ್ಡು ತೆಗೆದುಕೊಳ್ಳುವುದು ಹೇಗೆ?

ಹೇಳಲಿಕ್ಕಿರುವುದು ಒಂದೇ ವಿಷಯ. ಸಬ್ ಜೈಲುಗಳು ತುಂಬಿವೆ, ಜಾಗ ಸಾಲದು, ಹೊಸ ಕಟ್ಟಡ ಬೇಕು ಅಂತ ಪ್ರತಿವರ್ಷ ಮಾತು ಬರುತ್ತದೆ. ಕಟ್ಟಡ ಬೇಕಾದೀತು, ಬೇಡ ಅನ್ನುವುದಿಲ್ಲ. ಆದರೆ ಕೋರ್ಟು ಜಾಮೀನು ಕೊಟ್ಟ ಮೇಲೂ, ಒಬ್ಬ ಜಾಮೀನುದಾರ ಸಿಗಲಿಲ್ಲ, ಜಾಗದ ತೆರಿಗೆ ಕಟ್ಟಿದ ಒಂದು ತೀರ್ವೆ ರಶೀದಿ ಸಿಗಲಿಲ್ಲ ಅಂತ ಒಳಗೇ ಕೂತವರಿದ್ದಾರಲ್ಲ, ಅವರನ್ನು ಮೊದಲು ಮನೆಗೆ ಕಳಿಸಿ. ಅದಕ್ಕೆ ಸಿಮೆಂಟು ಬೇಡ, ಟೆಂಡರು ಬೇಡ.

ನನಗೆ ಇದು ಅರ್ಥವಾದದ್ದು ಮನೆಯಲ್ಲೇ ಆದಾಗ. ನನ್ನ ಅಕ್ಕನ ಮಗ ಅಡಿಕೆ ಮರ ಹತ್ತುವ ಹುಡುಗ. ಮಳೆಗಾಲದಲ್ಲಿ ಕೊಳೆರೋಗ ಬಾರದ ಹಾಗೆ ಅಡಿಕೆಗೆ ಮದ್ದು ಬಿಡುವ ಸಮಯಕ್ಕೆ ಇವನನ್ನು ಹಿಡಿಯಲು ತೋಟದವರು ಫೋನ್ ಮೇಲೆ ಫೋನ್ ಮಾಡುತ್ತಾರೆ, ಅಷ್ಟು ಬೇಡಿಕೆ. ಗಡಿಯ ಆಚೆ ಕೆಲಸಕ್ಕೆ ಹೋಗಿದ್ದವನು ಬರುವಾಗ ಕರ್ನಾಟಕದ ಮದ್ಯದ ಪ್ಯಾಕೆಟುಗಳನ್ನು ಚೀಲದಲ್ಲಿ ತುಂಬಿಸಿಕೊಂಡು ಬಂದ. ಇಷ್ಟು ತಂದುಕೊಟ್ಟರೆ ಇಷ್ಟು ಸಿಗುತ್ತದೆ ಅಂತ ಯಾರೋ ತಲೆಗೆ ತುಂಬಿಸಿದ್ದರು. ಬಸ್ಸಿನಲ್ಲಿ ಸಿಕ್ಕಿಬಿದ್ದ. ತಪ್ಪು ಮಾಡಿದ್ದಾನೆ, ಅದರಲ್ಲಿ ಎರಡು ಮಾತಿಲ್ಲ, ಹಿಡಿದವರ ಮೇಲೂ ನನಗೆ ಸಿಟ್ಟಿಲ್ಲ. ಆದರೂ ಹೊರಗಿನವರಿಗೆ ಗೊತ್ತಿರಲಿ ಅಂತ ಹೇಳುತ್ತೇನೆ: ಆಚೆಯ ಅಂಗಡಿಯಲ್ಲಿ ರಾಜಾರೋಷವಾಗಿ ಮಾರುವ ಅದೇ ಪ್ಯಾಕೆಟು ಗಡಿಯ ತಲಪಾಡಿ ದಾಟಿದರೆ ಕೇರಳದ ಅಬ್ಕಾರಿ ಕಾಯ್ದೆಯ 55ನೇ ಸೆಕ್ಷನ್. 10 ವರ್ಷದವರೆಗೆ ಜೈಲು, ಕಡಿಮೆ ಅಂದರೂ 1 ಲಕ್ಷ ರೂಪಾಯಿ ದಂಡ. ಜಾಮೀನು ಸುಲಭಕ್ಕೆ ಸಿಗುವುದಿಲ್ಲ.

ಮೊದಲು 14 ದಿನ ರಿಮಾಂಡ್. ಕೆಳಗಿನ ಕೋರ್ಟಿನಲ್ಲಿ ಜಾಮೀನು ಆಗಲಿಲ್ಲ. ಮತ್ತೆ 14 ದಿನ. ಮೇಲಿನ ಕೋರ್ಟಿನಲ್ಲಿ 33ನೇ ದಿನ ಆಯಿತು. ಅಕ್ಕ ಅವತ್ತು ಸಂಜೆಯೇ ಅವನ ಬಟ್ಟೆ ಒಗೆದು, ಒಲೆಯ ಮೇಲಿನ ಅಟ್ಟಕ್ಕೆ ಒಣಗಲು ಹಾಕಿ, ಮೀನು ತಂದು ಇಟ್ಟಿದ್ದಳು. ಅವನು ಮನೆಗೆ ಬಂದದ್ದು 57ನೇ ದಿನ. ಬಿಡಿ ಅಂತ ಕೋರ್ಟು ಹೇಳಿದ ಮೇಲೆ 24 ದಿನ.

ಆ 24 ದಿನ ಎಂತ ಆಯಿತು ಅಂತ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಮೇಲೆ ಕೂತವರಿಗೆ ಇದು ಕಾಣುವುದಿಲ್ಲ. ಆದೇಶದಲ್ಲಿ ಇದ್ದದ್ದು ಹೀಗೆ: 50,000 ರೂಪಾಯಿಯ ಬಾಂಡ್, ಅಷ್ಟೇ ಮೊತ್ತಕ್ಕೆ ಇಬ್ಬರು ಜಾಮೀನುದಾರರು, ಇಬ್ಬರಿಗೂ ಆಸ್ತಿ ಇರಬೇಕು. ದುಡ್ಡು ಕಟ್ಟಬೇಕು ಅಂತ ಎಲ್ಲೂ ಇಲ್ಲ. ಆದರೆ ಅಕ್ಕನಿಗೆ ಐವತ್ತು ಸಾವಿರ ಅನ್ನುವ ಶಬ್ದ ಕಿವಿಗೆ ಬಿದ್ದದ್ದೇ ತಡ, ಕೈಕಾಲು ಬಿದ್ದುಹೋಯಿತು. ದುಡ್ಡಲ್ಲ, ಆಸ್ತಿ ಇರುವವರ ಸಹಿ ಬೇಕಾದದ್ದು ಅಂತ ಅವಳಿಗೆ ಅರ್ಥ ಮಾಡಿಸುವುದಕ್ಕೇ ಒಂದು ಹಗಲು ಹೋಯಿತು.

ಅವರ ಮನೆಯ ಜಾಗ ಇರುವುದು ಅಜ್ಜನ ಹೆಸರಿನಲ್ಲಿ. ಅಜ್ಜ ತೀರಿಹೋಗಿ ಹದಿನೆಂಟು ವರ್ಷ. ಇವತ್ತಿಗೂ ತೀರ್ವೆ ಕಟ್ಟುವುದು ಅಜ್ಜನ ಹೆಸರಿನಲ್ಲೇ, ರಶೀದಿ ಬರುವುದೂ ಅಜ್ಜನ ಹೆಸರಿಗೇ. ಬದಲಾಯಿಸಬೇಕಾದರೆ ಐದು ಮಂದಿ ಮಕ್ಕಳು ಒಟ್ಟಿಗೆ ಸಹಿ ಹಾಕಬೇಕು, ಅವರಲ್ಲಿ ಇಬ್ಬರು ಮಾತು ಬಿಟ್ಟು ವರ್ಷಗಳಾದವು. ಇದು ಯಾವ ಮನೆಯಲ್ಲಿ ಇಲ್ಲ ಹೇಳಿ. ಸತ್ತವರು ಜಾಮೀನು ನಿಲ್ಲಲು ಆಗುವುದಿಲ್ಲವಲ್ಲ.

ಒಬ್ಬನಾಗಿ ನಾನು ನಿಂತೆ. ಇನ್ನೊಬ್ಬರು ಬೇಕು. ನಮ್ಮ ಎರಡನೇ ಅಕ್ಕನನ್ನು ಕೊಟ್ಟದ್ದು ವಿಟ್ಲದ ಹತ್ತಿರ, ಭಾವನಿಗೆ ಎರಡು ಎಕರೆ ಅಡಿಕೆ ತೋಟ ಉಂಟು, ಸಾಲ ಇಲ್ಲ, ಮರ್ಯಾದೆಯ ಮನುಷ್ಯ. ಜಮೀನಿನ ಪಹಣಿ ಅಂದರೆ ಆರ್‌ಟಿಸಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಎಲ್ಲ ಪ್ಲಾಸ್ಟಿಕ್ ಕವರಿಗೆ ಹಾಕಿ, ಬಿಳಿ ಪಂಚೆ ಉಟ್ಟು, ಮದುವೆಗೆ ಹೊರಟ ಹಾಗೆ ಬೆಳಿಗ್ಗೆ ಆರಕ್ಕೇ ಹೊರಟು ಬಂದರು. ಮಧ್ಯಾಹ್ನದವರೆಗೆ ಕಾದದ್ದಕ್ಕೆ ಸಿಕ್ಕ ಉತ್ತರ, ಇದು ಬೇರೆ ರಾಜ್ಯದ ಆಸ್ತಿ, ಆಗುವುದಿಲ್ಲ, ಇಲ್ಲಿಯವರನ್ನೇ ತನ್ನಿ. ಭಾವ ನನ್ನ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತು ಒಂದು ಗ್ಲಾಸ್ ನೀರು ಕುಡಿದರು. ಆಮೇಲೆ ಒಂದೇ ಮಾತು ಕೇಳಿದರು. "ನಮ್ಮ ಹುಡುಗಿಯನ್ನು ಇಲ್ಲಿಂದ ಅಲ್ಲಿಗೆ ಕೊಡುವಾಗ ಯಾರೂ ರಾಜ್ಯ ಕೇಳಲಿಲ್ಲವಲ್ಲ?"

ಗಡಿ ಜಗಳ ಎತ್ತಲು ನಾನು ಹೊರಟಿಲ್ಲ, ಅದನ್ನು ಮಾಡುವವರು ಬೇರೆ ಇದ್ದಾರೆ. ಆದರೆ ಲೆಕ್ಕ ನೋಡಿ. 1956ರ ಅಕ್ಟೋಬರ್ 31ರಂದು ಕಾಸರಗೋಡೂ ವಿಟ್ಲವೂ ಒಂದೇ ದಕ್ಷಿಣ ಕನ್ನಡ ಜಿಲ್ಲೆ. ಭಾವನ ಅಜ್ಜ ಅವತ್ತು ಬಂದಿದ್ದರೆ ಸ್ಥಳೀಯರೇ. ಮರುದಿನ ನವೆಂಬರ್ 1ಕ್ಕೆ ಪರವೂರಿನವರು. ಮಂಜೇಶ್ವರ, ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಎಷ್ಟೋ ಮನೆಗಳ ನೆಂಟಸ್ತಿಕೆ ಪೂರ್ತಿ ಆಚೆಯೇ, ಪುತ್ತೂರು, ಬಂಟ್ವಾಳ, ಸುಳ್ಯ, ಮಂಗಳೂರು. ಕಷ್ಟಕ್ಕೆ ಆಗುವುದು ನೆಂಟರು. ಜಿಲ್ಲೆಯವರೇ ಬೇಕು ಅಂತ ಹಟ ಹಿಡಿದರೆ ಉಳಿದವರಿಗಿಂತ ಜಾಸ್ತಿ ಪೆಟ್ಟು ಬೀಳುವುದು ಗಡಿಯ ಪಕ್ಕ ಇರುವವರಿಗೆ. ಇದರಲ್ಲಿ ಕನ್ನಡದವರು ಮಾತ್ರ ಅಂತಲೂ ಇಲ್ಲ, ಬ್ಯಾರಿಗಳದ್ದೂ ಕೊಂಕಣಿಗಳದ್ದೂ ಇದೇ ಕಥೆ.

ಈ ಹಟ ಸರಿಯಲ್ಲ ಅಂತ ಹೇಳಿದ್ದು ನಾನು ಮೊದಲಲ್ಲ. ಇಲ್ಲೇ ಪಕ್ಕದ ತಲಶ್ಶೇರಿಯಲ್ಲಿ ವಕೀಲಿ ಮಾಡಿಕೊಂಡಿದ್ದ ವಿ. ಆರ್. ಕೃಷ್ಣ ಅಯ್ಯರ್ ಹೇಳಿದ್ದರು. 1948ರಲ್ಲಿ ಸ್ವತಃ ಒಂದು ತಿಂಗಳು ಜೈಲಿನಲ್ಲಿ ಇದ್ದವರು, 1957ರ ಕೇರಳದ ಮೊದಲ ಮಂತ್ರಿಮಂಡಲದಲ್ಲಿ ಕಾನೂನಿನ ಜೊತೆ ಜೈಲು ಖಾತೆಯನ್ನೂ ನೋಡಿಕೊಂಡವರು, ಆಮೇಲೆ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ. 1978ರಲ್ಲಿ ಅವರ ಮುಂದೆ ಮೋತಿ ರಾಮ್ ಅನ್ನುವ ಮಧ್ಯಪ್ರದೇಶದ ಒಬ್ಬ ಗಾರೆ ಕೆಲಸದವನ ಕೇಸು ಬಂತು. ಅವನಿಗೆ ಕೆಳಗಿನ ಕೋರ್ಟು ಕೇಳಿದ್ದು 10,000 ರೂಪಾಯಿಯ ಜಾಮೀನು. ತಮ್ಮ ನಿಲ್ಲುತ್ತೇನೆ ಅಂತ ಬಂದರೆ, ನೀನೂ ನಿನ್ನ ಆಸ್ತಿಯೂ ಬೇರೆ ಜಿಲ್ಲೆಯಲ್ಲಿದೆ ಅಂತ ವಾಪಸ್ ಕಳಿಸಿದ್ದರು. ನಮ್ಮ ಭಾವನ ಹಾಗೆಯೇ. ಕೃಷ್ಣ ಅಯ್ಯರ್ ಆ ತೀರ್ಪಿನಲ್ಲಿ ಕೇಳಿದ ಪ್ರಶ್ನೆಯಲ್ಲಿ ನಾವೂ ಇದ್ದೇವೆ: ಒಬ್ಬ ಮಲಯಾಳಿಯನ್ನೋ ಕನ್ನಡಿಗನನ್ನೋ ತಮಿಳನನ್ನೋ ದೂರದ ಬಸ್ತರಿನಲ್ಲಿ, ಪೋರ್ಟ್ ಬ್ಲೇರಿನಲ್ಲಿ ಹಿಡಿದರೆ ಅವನು ಅಲ್ಲಿ ಆಸ್ತಿ ಇರುವ ಜಾಮೀನುದಾರನನ್ನು ಎಲ್ಲಿಂದ ತರಬೇಕು? ಕೊನೆಗೆ ಮೋತಿ ರಾಮನನ್ನು 1,000 ರೂಪಾಯಿಯ ಅವನದೇ ಬಾಂಡಿನ ಮೇಲೆ ಬಿಟ್ಟರು. ಅವರು ಬಸ್ತರ್ ಅಂದರು, ಪೋರ್ಟ್ ಬ್ಲೇರ್ ಅಂದರು. ತಲಪಾಡಿ ಗೇಟಿನಿಂದ ಒಂದು ಕಿಲೋಮೀಟರ್ ಆಚೆ ಇರುವವನಿಗೂ ಇದೇ ಗತಿ ಆದೀತು ಅಂತ ಅವರಿಗೂ ಹೊಳೆದಿರಲಿಕ್ಕಿಲ್ಲ.

ಅದು ಹಳೆಯದಾಯಿತು ಅನ್ನುವವರಿಗೆ ಹೊಸದೂ ಉಂಟು. 2023ರ ಜನವರಿ 31ರಂದು ಸುಪ್ರೀಂ ಕೋರ್ಟು ಏಳು ಸೂಚನೆ ಕೊಟ್ಟಿದೆ. ಜಾಮೀನು ಆದೇಶದ ಪ್ರತಿಯನ್ನು ಅದೇ ದಿನ ಅಥವಾ ಮರುದಿನ ಇಮೇಲ್‌ನಲ್ಲಿ ಜೈಲಿಗೆ ಕಳಿಸಿ ಕೈದಿಗೆ ಮುಟ್ಟಿಸಬೇಕು. ಏಳು ದಿನದಲ್ಲಿ ಅವನು ಹೊರಗೆ ಹೋಗದಿದ್ದರೆ ಜೈಲಿನ ಸೂಪರಿಂಟೆಂಡೆಂಟ್ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕು, ಅವರು ಯಾರನ್ನಾದರೂ ಕಳಿಸಿ ವಿಚಾರಿಸಬಹುದು. ಬಡವನಾಗಿದ್ದರೆ ಮನೆಯ ಪರಿಸ್ಥಿತಿಯ ವರದಿ ಮಾಡಿಸಿ, ಷರತ್ತು ಸಡಿಲ ಮಾಡಿ ಅಂತ ಕೋರ್ಟಿಗೆ ಕೇಳಬಹುದು. ಹೊರಗೆ ಬಂದ ಮೇಲೆ ಜಾಮೀನುದಾರರನ್ನು ತರುತ್ತೇನೆ ಅಂತ ಅವನೇ ಕೇಳಿಕೊಂಡರೆ ಸ್ವಲ್ಪ ದಿನಕ್ಕೆ ತಾತ್ಕಾಲಿಕವಾಗಿ ಬಿಡುವುದನ್ನೂ ಕೋರ್ಟು ಯೋಚಿಸಬಹುದು. ತಿಂಗಳಾದರೂ ಬಾಂಡ್ ಕೊಡಲು ಆಗದಿದ್ದರೆ ಕೋರ್ಟೇ ಮುಂದಾಗಿ ನೋಡಬಹುದು. ಮತ್ತೆ ಕೊನೆಯದು, ಸ್ಥಳೀಯ ಜಾಮೀನುದಾರನೇ ಬೇಕು ಅನ್ನುವ ಒತ್ತಾಯವೇ ಬಿಡುಗಡೆ ತಡವಾಗಲು ಒಂದು ಕಾರಣ, ಅಂಥ ಕಡೆ ಆ ಷರತ್ತು ಹಾಕದಿರಬಹುದು ಅಂತ ಸಲಹೆ. ಅಕ್ಷರ ಅಕ್ಷರ ನಮ್ಮ ಕಥೆ. ನಾನು ಇದನ್ನು ಓದಿದ್ದು ಹುಡುಗ ಮನೆಗೆ ಬಂದ ಮೇಲೆ, ಒಬ್ಬ ಜೂನಿಯರ್ ವಕೀಲರು ನಕಲು ತೆಗೆಯಲು ತಂದ ಕಾಗದದಲ್ಲಿ. ಎರಡು ಪ್ರತಿ ಬೇಕು ಅಂದಿದ್ದರು, ನಾನು ಮೂರು ತೆಗೆದೆ.

ನಮ್ಮ ಹುಡುಗನ ವಿಷಯದಲ್ಲಿ ಏಳನೇ ದಿನ ಯಾರೂ ಬರಲಿಲ್ಲ. ಎಂಟನೇ ದಿನವೂ. ಯಾರ ತಪ್ಪು ಅಂತ ಹುಡುಕಲು ಈ ಪತ್ರ ಬರೆದಿಲ್ಲ, ಜೈಲಿನವರಿಗೂ ಕೈತುಂಬ ಕೆಲಸ. ಆ ಜೈಲು ಯಾವುದು ಅಂತಲೂ ಹೇಳುವುದಿಲ್ಲ, ಅಲ್ಲಿದ್ದ ಒಬ್ಬ ವಾರ್ಡನ್ ನಮ್ಮ ಹುಡುಗನಿಗೆ ತುಂಬ ಒಳ್ಳೆಯದು ಮಾಡಿದ್ದಾರೆ. ಮೈಗೆಲ್ಲ ಕಜ್ಜಿ ಎದ್ದಾಗ ಮುಲಾಮು ತಂದುಕೊಟ್ಟದ್ದು ಅವರೇ.

ಒಳಗೆ ನಾನು ಹೋದವನಲ್ಲ, ಅವನು ಹೇಳಿದ್ದಷ್ಟೇ ಗೊತ್ತು. ಊಟ ಚೆನ್ನಾಗಿತ್ತಂತೆ. ಅದನ್ನು ಒಪ್ಪಬೇಕು, ಕೇರಳದ ಜೈಲುಗಳಲ್ಲಿ ಮಾಡಿದ ಚಪಾತಿಯನ್ನು ಹೊರಗಿನವರೇ ಸಾಲು ನಿಂತು ಕೊಳ್ಳುತ್ತಾರೆ. ಮಲಗುವುದೇ ಕಷ್ಟವಂತೆ. ಒಬ್ಬ ಮಗ್ಗುಲು ಬದಲಿಸಿದರೆ ಸಾಲಿನಲ್ಲಿದ್ದವರೆಲ್ಲ ಬದಲಿಸಬೇಕು. ಜುಲೈ ತಿಂಗಳ ಮಳೆ, ಒಗೆದ ಬಟ್ಟೆ ಒಣಗುವುದಿಲ್ಲ, ಎಲ್ಲ ಅದೇ ಕೋಣೆಯಲ್ಲೇ ನೇತಾಡುತ್ತದೆ, ಒಬ್ಬನಿಗೆ ಕಜ್ಜಿ ಬಂದರೆ ಎಲ್ಲರಿಗೂ. ಒಬ್ಬ ಕಳ್ಳತನದ ಕೇಸಿನವನು, ಒಬ್ಬ ಗಾಂಜಾದವನು, ಒಬ್ಬ ಗಂಡ ಹೆಂಡತಿ ಜಗಳದಲ್ಲಿ ಬಂದವನು, ಮತ್ತೆ ಇವನು. ದಿನವಿಡೀ ಮಾಡಲು ಏನೂ ಇಲ್ಲ. ಇವನ ವಯಸ್ಸಿನ ಹುಡುಗನಿಗೆ ಅಲ್ಲಿ ಯಾರ ಫೋನ್ ನಂಬರ್ ಸಿಕ್ಕೀತು, ಎಂಥ ಕೆಲಸದ ಆಸೆ ತೋರಿಸಿಯಾರು ಅಂತ ನೀವೇ ಯೋಚಿಸಿ. ಪ್ಯಾಕೆಟ್ ಸಾಗಿಸಿದವನು ಹೊರಗೆ ಬರುವಾಗ ಇನ್ನೂ ದೊಡ್ಡ ವ್ಯಾಪಾರದ ವಿಳಾಸ ಹಿಡಿದುಕೊಂಡು ಬಂದರೆ ಆಮೇಲೆ ಯಾರನ್ನು ದೂರುವುದು?

ನಮ್ಮ ಜಿಲ್ಲೆಯಲ್ಲೇ ಚೀಮೇನಿಯಲ್ಲಿ ತೆರೆದ ಜೈಲು ಉಂಟು. ಗೋಡೆಯ ಒಳಗೆ ಕೂಡಿಹಾಕದೆ ತೋಟದ ಕೆಲಸ ಮಾಡಿಸುತ್ತಾರೆ, ಕೂಲಿ ಸಿಗುತ್ತದೆ, ಒಳ್ಳೆಯ ವ್ಯವಸ್ಥೆ. ಆದರೆ ಅದು ಶಿಕ್ಷೆ ಆದವರಿಗೆ, ಅದರಲ್ಲೂ ನಡತೆ ನೋಡಿ ಆರಿಸಿದವರಿಗೆ. ಕೇಸು ಇನ್ನೂ ಮುಗಿಯದವನಿಗೆ, ಅಂದರೆ ಕಾನೂನಿನ ಪ್ರಕಾರ ಇನ್ನೂ ಅಪರಾಧಿ ಅಂತ ಆಗದವನಿಗೆ, ತೋಟ ಇಲ್ಲ, ಕೂಲಿ ಇಲ್ಲ, ಪೆರೋಲ್ ಇಲ್ಲ, ಆ ಒಂದು ಕೋಣೆ. ಸಬ್ ಜೈಲು ಅಂತ ಕಟ್ಟಿದ್ದೇ ನಾಲ್ಕು ದಿನ ಇಟ್ಟು ಕೋರ್ಟಿಗೆ ಕಳಿಸಲು. ಅಲ್ಲಿ ತಿಂಗಳುಗಟ್ಟಲೆ ಇಟ್ಟರೆ ತುಂಬದೆ ಇನ್ನೇನಾದೀತು?

ಇಡೀ ದೇಶದ ಲೆಕ್ಕ ಬೇಕಾದರೆ ಸರ್ಕಾರವೇ ಕೊಟ್ಟಿದೆ. 2022ರ ಕೊನೆಗೆ ದೇಶದ ಜೈಲುಗಳಲ್ಲಿ ಇದ್ದವರು 5,73,220 ಮಂದಿ. ಜಾಗ ಇದ್ದದ್ದು 4,36,266 ಮಂದಿಗೆ. ಒಳಗಿದ್ದವರಲ್ಲಿ ವಿಚಾರಣೆ ಮುಗಿಯದವರೇ 4,34,302. ಕೊನೆಯ ಎರಡು ಅಂಕಿಗಳನ್ನು ಇನ್ನೊಮ್ಮೆ ಓದಿ. ಇರುವ ಜಾಗವನ್ನೆಲ್ಲ ಹೆಚ್ಚುಕಡಿಮೆ ವಿಚಾರಣೆಗೆ ಕಾಯುವವರೇ ತುಂಬಿಸಿಬಿಟ್ಟಿದ್ದಾರೆ. ಇವರಿಗೆ ಓಟು ಇಲ್ಲ ಅನ್ನುವುದೂ ಒಂದು ಕಾರಣವಾ ಅಂತ ನನಗೆ ಸಂಶಯ. ನಮ್ಮ ಕಾನೂನಿನ ತಮಾಷೆ ನೋಡಿ, ವಿಚಾರಣೆಗೆ ಕಾಯುವವನು ಜೈಲಿನಲ್ಲಿ ಇದ್ದುಕೊಂಡೇ ಚುನಾವಣೆಗೆ ನಿಲ್ಲಬಹುದು, ಓಟು ಹಾಕುವ ಹಾಗಿಲ್ಲ.

ಹೊಸ ಕಾನೂನು ಬಂದಿದೆಯಲ್ಲ ಅಂತ ಕೆಲವರು ಹೇಳುತ್ತಾರೆ. ಬಂದಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಸೆಕ್ಷನ್ ಪ್ರಕಾರ, ಹಿಂದೆ ಯಾವ ಕೇಸಿನಲ್ಲೂ ಶಿಕ್ಷೆ ಆಗದವನು ಆ ಅಪರಾಧದ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗೆ ಕಳೆದರೆ ಬಿಡಬೇಕು, ಉಳಿದವರು ಅರ್ಧ ಕಳೆದಿರಬೇಕು. ಗಲ್ಲು, ಜೀವಾವಧಿ ಇರುವ ಕೇಸುಗಳಿಗೆ ಇದಿಲ್ಲ, ಒಂದಕ್ಕಿಂತ ಜಾಸ್ತಿ ಕೇಸು ಇದ್ದರೂ ಇಲ್ಲ. ಅರ್ಜಿ ಹಾಕುವ ಜವಾಬ್ದಾರಿ ಜೈಲಿನ ಸೂಪರಿಂಟೆಂಡೆಂಟರದ್ದೇ. ಹಳೆಯ ಕೇಸಿನವರಿಗೂ ಇದು ಅನ್ವಯ ಅಂತ 2024ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಹೇಳಿತು. ಒಳ್ಳೆಯದೇ. ಆದರೆ ನಮ್ಮ ಹುಡುಗನ ಸೆಕ್ಷನ್ನಿಗೆ 10 ವರ್ಷ, ಅದರ ಮೂರನೇ ಒಂದು ಅಂದರೆ 3 ವರ್ಷ 4 ತಿಂಗಳು. ರಶೀದಿ ಸಿಗದೆ ಒಂದು ತಿಂಗಳು, ಮೂರು ತಿಂಗಳು ಕೂತವನಿಗೆ ಇದರಿಂದ ಎಂತ ಆಯಿತು?

ದುಡ್ಡಿನ ಯೋಜನೆಯೂ ಉಂಟು, ಅದು ಇನ್ನೂ ಕಡಿಮೆ ಜನರಿಗೆ ಗೊತ್ತು. 2023ರಲ್ಲಿ ಕೇಂದ್ರ ಸರ್ಕಾರ ಬಡ ಕೈದಿಗಳಿಗೆ ನೆರವು ಅಂತ ಶುರು ಮಾಡಿತು. ಶುರು ಮಾಡಿದಾಗಿನ ನಿಯಮದಲ್ಲಿ ಜಾಮೀನಿನ ಹಣ ಕಟ್ಟಲು ಆಗದ ವಿಚಾರಣಾ ಕೈದಿಗೆ 40,000 ರೂಪಾಯಿವರೆಗೆ, ದಂಡ ಕಟ್ಟಲಾಗದೆ ಉಳಿದ ಶಿಕ್ಷೆಯವರಿಗೆ 25,000ದವರೆಗೆ. ಗಾಂಜಾ ಕೇಸಿನಂಥವು ಇದಕ್ಕೆ ಸೇರುವುದಿಲ್ಲ. ಪ್ರತಿ ಜಿಲ್ಲೆಯಲ್ಲಿ ಇದನ್ನು ತೀರ್ಮಾನಿಸಲು ಆಗ ಹೇಳಿದ ಸಮಿತಿಯಲ್ಲಿ ಇರಬೇಕಾದವರು ಜಿಲ್ಲಾಧಿಕಾರಿ, ಪ್ರಾಧಿಕಾರದ ಕಾರ್ಯದರ್ಶಿ, ಎಸ್‌ಪಿ, ಜೈಲಿನ ಸೂಪರಿಂಟೆಂಡೆಂಟ್, ಒಬ್ಬರು ನ್ಯಾಯಾಧೀಶರು. ಜಿಲ್ಲಾಧಿಕಾರಿ ಸಾರ್, ಈ ಪತ್ರಕ್ಕೆ ನಿಮ್ಮ ಹೆಸರನ್ನು ಮೊದಲು ಹಾಕಿದ್ದು ಅದಕ್ಕೇ. ವಿಚಾರಣಾ ಕೈದಿಗಳ ಪಟ್ಟಿ ನೋಡಲು ಜಿಲ್ಲಾ ನ್ಯಾಯಾಧೀಶರ ನೇತೃತ್ವದ ಪರಿಶೀಲನಾ ಸಮಿತಿ ಅಂತ ಬೇರೆ ಉಂಟು, ಅದರಲ್ಲೂ ನೀವಿದ್ದೀರಿ, ಜಾಮೀನು ಆಗಿಯೂ ಜಾಮೀನುದಾರ ಸಿಗದವರ ಪಟ್ಟಿ ಆ ಸಮಿತಿಯ ಮೇಜಿಗೆ ಬರಬೇಕು ಅಂತಲೇ ನಿಯಮ. ಕಾಗದದಲ್ಲಿ ಯಾವುದಕ್ಕೂ ಬರಗಾಲ ಇಲ್ಲ. ಒಳಗಿರುವವನಿಗೂ ಅವನ ಮನೆಯವರಿಗೂ ಇದು ಇದೆ ಅಂತ ಗೊತ್ತಿಲ್ಲ, ಅಷ್ಟೇ.

ಗೊತ್ತಾಗುವುದು ಹೇಗೆ? ಭಾಷೆಯ ವಿಷಯ ಇಲ್ಲಿ ಬರುತ್ತದೆ. 14ನೇ ದಿನ ರಿಮಾಂಡ್ ಮುಂದೆ ಹಾಕಿದ್ದು ವಿಡಿಯೋದಲ್ಲಿ. ಒಂದು ಕೋಣೆಗೆ ಕರೆದುಕೊಂಡು ಹೋದರು, ಪರದೆಯಲ್ಲಿ ಯಾರೋ ಕಂಡರು, ಹೆಸರು ಕೇಳಿದರು, ಹೇಳಿದೆ, ಮುಗಿಯಿತು ಅಂತ ನಮ್ಮ ಹುಡುಗ ಹೇಳಿದ. ಅವನಿಗೆ ಪೇಟೆಯ ಮಲಯಾಳ ಬರುತ್ತದೆ, ಮೀನು ತರುವಷ್ಟು, ಬಸ್ಸು ಕೇಳುವಷ್ಟು. ಕೋರ್ಟಿನ ಮಲಯಾಳ ಬೇರೆ. ಓದಲು ಬರುವುದೇ ಇಲ್ಲ, ಓದಿದ್ದು ಕನ್ನಡ ಶಾಲೆ, ಹತ್ತನೇ ತರಗತಿಗೇ ಬಿಟ್ಟ. ಜಾಮೀನು ಆಗಿದೆ ಅಂತ ಅವನಿಗೆ ಗೊತ್ತಾಗಿತ್ತು, ಷರತ್ತು ಏನು ಅಂತ ಗೊತ್ತಾಗಿರಲಿಲ್ಲ. ನಾನು ನೋಡಲು ಹೋದಾಗ ಜಾಲರಿಯ ಆಚೆಯಿಂದ ಕೇಳಿದ. "ಜಾಮ್ಯ ಸಿಕ್ಕಿತು ಅಂತ ಹೇಳಿದ್ರು ಮಾವ, ಮತ್ತೆ ಯಾಕೆ ಬಿಡುವುದಿಲ್ಲ? ನೀವು ಯಾರೂ ಬೇಡ ಅಂದ್ರಾ?"

ಮನೆಯವರಿಗೆ ತಾನು ಬೇಡವಾದೆ ಅಂತ ಅವನು ಒಂದು ವಾರ ಅಂದುಕೊಂಡೇ ಇದ್ದ. ಅಕ್ಕನಿಗೆ ನಾನು ಇದನ್ನು ಇವತ್ತಿನವರೆಗೆ ಹೇಳಿಲ್ಲ. ಅವಳು ಇದನ್ನೆಲ್ಲ ಓದುವವಳಲ್ಲ ಅನ್ನುವ ಧೈರ್ಯದಲ್ಲಿ ಬರೆದೆ.

1969ರ ಕೇರಳದ ಅಧಿಕೃತ ಭಾಷಾ ಕಾಯ್ದೆಯಲ್ಲೇ ಕನ್ನಡ ಅಲ್ಪಸಂಖ್ಯಾತರು ಸರ್ಕಾರದ ಜೊತೆ ಕನ್ನಡದಲ್ಲಿ ವ್ಯವಹರಿಸಬಹುದು, ಉತ್ತರವೂ ಕನ್ನಡದಲ್ಲೇ ಸಿಗಬೇಕು ಅಂತ ಉಂಟು. ಬಂಧಿಸಿದ ಕಾರಣವನ್ನು ಅವನಿಗೆ ತಿಳಿಯುವ ಭಾಷೆಯಲ್ಲಿ ಹೇಳಬೇಕು ಅಂತ ಸುಪ್ರೀಂ ಕೋರ್ಟು ಹೇಳಿದೆ. ನಾವು ಈ ಮಾತು ಎತ್ತುವುದು ಶಾಲೆಗೆ ಕನ್ನಡ ಬಾರದ ಟೀಚರ್ ಬಂದಾಗ, ಅಂಗಡಿಯ ಬೋರ್ಡಿನ ವಿಷಯ ಬಂದಾಗ. ಎತ್ತಬೇಕಾದದ್ದೇ. ಆದರೆ ಸಪ್ತಭಾಷೆಯ ನಾಡು ಅಂತ ವೇದಿಕೆಯಲ್ಲಿ ಹೇಳುವ ನಮ್ಮ ಕನ್ನಡ ಸಂಘಗಳವರು ಒಂದು ಸಲವಾದರೂ ಸಬ್ ಜೈಲಿನ ಗೇಟಿನ ಹತ್ತಿರ ಹೋಗಿ, ಒಳಗೆ ಎಷ್ಟು ಮಂದಿಗೆ ಮಲಯಾಳ ಓದಲು ಬರುವುದಿಲ್ಲ ಅಂತ ಕೇಳಿದ್ದನ್ನು ನಾನು ಕಂಡಿಲ್ಲ. ಜೈಲಿಗೆ ಹೋದವನು ನಮ್ಮವನಲ್ಲ ಅಂತ ಲೆಕ್ಕವಾ?

ಇನ್ನು ದಾರಿ ಕಾಣದೆ ಕೂತಾಗ ಒಬ್ಬರು ಬಂದು ಕಿವಿಯಲ್ಲಿ ಹೇಳಿದರು, ಐದು ಸಾವಿರ ಕೊಟ್ಟರೆ ರಶೀದಿ ಸಮೇತ ಬಂದು ನಿಲ್ಲುವವರು ಇದ್ದಾರೆ ಅಂತ. ಜಾಮೀನು ನಿಲ್ಲುವುದನ್ನೇ ಕಸುಬು ಮಾಡಿಕೊಂಡವರು ಎಲ್ಲ ಊರಿನ ಕೋರ್ಟುಗಳ ಹತ್ತಿರವೂ ಇರುತ್ತಾರೆ, ಇದು ಗುಟ್ಟಲ್ಲ. ನಿಜ ಹೇಳಿಬಿಡುತ್ತೇನೆ, ನಾನು ಒಂದು ರಾತ್ರಿ ಯೋಚನೆ ಮಾಡಿದೆ. ಮಾಡಲಿಲ್ಲ, ಪ್ರಾಮಾಣಿಕತೆಗಿಂತ ಹೆಚ್ಚು ಹೆದರಿಕೆಯಿಂದ. ನಮ್ಮ ಭಾವನಂಥ ನಿಜವಾದ ನೆಂಟನನ್ನು ವಾಪಸ್ ಕಳಿಸಿ, ಹುಡುಗನ ಮುಖವನ್ನೇ ನೋಡದ ಬಾಡಿಗೆ ಜಾಮೀನುದಾರನಿಗೆ ದಾರಿ ಮಾಡಿಕೊಡುತ್ತದೆ ಈ ಸ್ಥಳೀಯರೇ ಬೇಕು ಅನ್ನುವ ಹಟ. ನಾಳೆ ಹುಡುಗ ಓಡಿಹೋದರೆ ಕಿವಿ ಹಿಡಿದು ಎಳೆದು ತರುವವನು ಯಾರು, ಸೋದರಮಾವನಾ, ಭಾವನಾ, ಐದು ಸಾವಿರದವನಾ?

ಕೊನೆಗೆ ನಿಂತವರು ಅಕ್ಕನ ಮನೆಯ ಕೆಳಗಿನ ತೋಟದ ಬ್ಯಾರಿಗಳು. ಮೊದಲೇ ಕೇಳಬಹುದಿತ್ತು, ಆದರೆ ಅಕ್ಕನಿಗೆ ನಾಚಿಕೆ, ನೆರೆಯವರಿಗೆ ಗೊತ್ತಾಗುವುದು ಬೇಡ ಅಂತ ಮಗ ಬೆಂಗಳೂರಿಗೆ ಹೋಗಿದ್ದಾನೆ ಅಂತ ಹೇಳಿದ್ದಳು. ಅವರಿಗೆ ಮೊದಲ ದಿನವೇ ಗೊತ್ತಿತ್ತಂತೆ. ಮರ ಹತ್ತುವವರು ಬೇರೆ ಯಾರಿದ್ದಾರೆ, ನನಗೂ ಗತಿ ಇಲ್ಲ ಅಂತ ನಗಾಡಿಕೊಂಡು ಸಹಿ ಹಾಕಿದರು. ಅವರ ರಶೀದಿಯ ಒರಿಜಿನಲ್ ಹುಡುಕಿ, ವಿಲೇಜ್ ಆಫೀಸಿನ ಕಾಗದ ತಂದು, ನಡುವೆ ಎರಡು ರಜೆ ಬಂದು, ಆಗುವಾಗ 57ನೇ ದಿನ. ಅಷ್ಟರಲ್ಲಿ ಎರಡನೇ ಸಲ ಮದ್ದು ಬಿಡುವ ಹೊತ್ತು ಮೀರಿ ಅವರ ತೋಟಕ್ಕೆ ಕೊಳೆರೋಗ ಬಂದಾಗಿತ್ತು.

ಈಗ ಕೇಳುವುದನ್ನು ಕೇಳಿಬಿಡುತ್ತೇನೆ. ಜೈಲಿಗೆ ಹೊಸದಾಗಿ ಬಂದವನನ್ನು ರಿಜಿಸ್ಟರಿಗೆ ಬರೆಯುವಾಗ ಯಾವ ಭಾಷೆ ಓದಲು ಬರುತ್ತದೆ ಅಂತ ಒಂದು ಕಲಂ ಇರಲಿ. ಕನ್ನಡ ಅಂದವನಿಗೆ ಜಾಮೀನು ಆದೇಶದ ಜೊತೆ, ಏನು ಬೇಕು, ಯಾರು ನಿಲ್ಲಬಹುದು, ಏಳು ದಿನ ಆದರೆ ಯಾರಿಗೆ ಹೇಳಬೇಕು ಅಂತ ಕನ್ನಡದಲ್ಲಿ ಒಂದು ಹಾಳೆ ಕೊಡಿ. 15100ಕ್ಕೆ ಫೋನ್ ಮಾಡಿದರೆ ಉಚಿತ ಕಾನೂನು ನೆರವು ಸಿಗುತ್ತದೆ ಅಂತ ಗೇಟಿನ ಹೊರಗೆ, ಮನೆಯವರು ಕಾಯುತ್ತಾ ಕೂರುವ ಜಾಗದಲ್ಲಿ, ಕನ್ನಡದಲ್ಲೂ ಬರೆಸಿ. ಪ್ರಾಧಿಕಾರದಿಂದ ಜೈಲಿಗೆ ಹೋಗುವ ಸ್ವಯಂಸೇವಕರಲ್ಲಿ ತುಳು, ಕನ್ನಡ ಬರುವವರು ಒಬ್ಬರಾದರೂ ಇರಲಿ. ಏಳು ದಿನ ದಾಟಿದವರ ಪಟ್ಟಿ ಪ್ರತಿ ಸೋಮವಾರ ತಯಾರಾಗಲಿ, ಆ ಪಟ್ಟಿ ಉದ್ದ ಇದ್ದರೆ ಯಾಕೆ ಅಂತ ಜಿಲ್ಲಾಧಿಕಾರಿಗಳು ಕೇಳಲಿ.

ಮತ್ತೆ ಆಚೆಯ ಆರ್‌ಟಿಸಿ. ಕೋರ್ಟಿಗೆ ಹೀಗೇ ಮಾಡಿ ಅಂತ ಹೇಳಲು ನಾನು ಯಾರು. ಆದರೆ ಕರ್ನಾಟಕದ ಜಮೀನಿನ ದಾಖಲೆ 2000ದಲ್ಲಿ ಭೂಮಿ ಯೋಜನೆ ಬಂದಂದಿನಿಂದ ಕಂಪ್ಯೂಟರಿನಲ್ಲಿದೆ. ಸರ್ವೆ ನಂಬರ್ ಹಾಕಿದರೆ ಯಾರ ಹೆಸರಿನಲ್ಲಿ ಎಷ್ಟು ಉಂಟು ಅಂತ ನನ್ನ ಅಂಗಡಿಯಲ್ಲೇ ಎರಡು ನಿಮಿಷದಲ್ಲಿ ಕಾಣುತ್ತದೆ. ನಿಜವಾ ಸುಳ್ಳಾ ಅಂತ ನೋಡಲು ತಲಪಾಡಿ ದಾಟಿ ಹೋಗಬೇಕಾಗಿಲ್ಲ. ಗಡಿ ಜಿಲ್ಲೆಗೆ ಮಾತ್ರ ಆದರೂ ಸರಿ, ದಕ್ಷಿಣ ಕನ್ನಡದ ಆರ್‌ಟಿಸಿ ತಂದವರನ್ನು ಹೀಗೆ ಪರೀಕ್ಷಿಸಿ ಒಪ್ಪಬಹುದಾ ಅಂತ ಪ್ರಾಧಿಕಾರದವರು ಕೋರ್ಟುಗಳ ಮುಂದೆ ಇಡಬಹುದಲ್ವಾ? ಸುಪ್ರೀಂ ಕೋರ್ಟಿನ ಏಳನೇ ಸೂಚನೆ ಕೈಯಲ್ಲೇ ಉಂಟು.

ಆ ಕನ್ನಡದ ಹಾಳೆಯನ್ನು ಯಾರು ಬರೆಯುವುದು ಅಂತ ಫೈಲು ಸುತ್ತಾಡುವುದು ಬೇಡ. ನಾನೇ ಬರೆದಿಟ್ಟಿದ್ದೇನೆ, ಒಂದೂವರೆ ಪುಟ ಆಗಿದೆ, ಆ ಜೂನಿಯರ್ ವಕೀಲರು ಎರಡು ಕಡೆ ತಿದ್ದಿಕೊಟ್ಟಿದ್ದಾರೆ. ನಿಮ್ಮವರು ಯಾರಾದರೂ ಬಂದು ಓದಿ, ತಪ್ಪಿದ್ದರೆ ಕೆಂಪು ಪೆನ್ನಿನಲ್ಲಿ ಗೀಟು ಹಾಕಿ. ನೂರು ಪ್ರತಿ ನನ್ನ ಖರ್ಚಿನಲ್ಲೇ ತೆಗೆದುಕೊಡುತ್ತೇನೆ, ಅದಕ್ಕಿಂತ ಜಾಸ್ತಿ ಬೇಕಾದರೆ ಕಾಗದ ನೀವು ತನ್ನಿ. ಮಧ್ಯಾಹ್ನ ಒಂದರಿಂದ ಎರಡು ಊಟಕ್ಕೆ ಹೋಗಿರುತ್ತೇನೆ, ಉಳಿದ ಹೊತ್ತು, ಕರೆಂಟ್ ಇದ್ದರೆ, ಅಂಗಡಿ ತೆರೆದೇ ಇರುತ್ತದೆ.

ಇಂತಿ,
ಕೋರ್ಟಿನ ಎದುರಿನ ಜೆರಾಕ್ಸ್ ಅಂಗಡಿಯವ